ಕ್ಲೋಶೆ ಎಂದರೆ ಯಾವ ಗೋಪುರ?

ಪ್ರಶ್ನೆ: ಫ್ರೆಂಚ್ ಕಲಿಯುತ್ತಿದ್ದೇನೆ. ‘ಕ್ಲೋಶೆ’ ಎಂದರೆ ಗಂಟೆ ಗೋಪುರವಂತೆ. ಕೆಜಿಎಫ್ ಗಣಿಗಳ ಎತ್ತರದ ಗೋಪುರಗಳಿಗೂ ಈ ಪದ ಬಳಸಬಹುದೇ?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಗಣಿ ಗೋಪುರಕ್ಕೆ ಒಪ್ಪುವುದಿಲ್ಲ. ಫ್ರೆಂಚಿನಲ್ಲಿ ‘ಕ್ಲೋಶ್’ ಎಂದರೆ ಗಂಟೆ. ‘ಕ್ಲೋಶೆ’ ಚರ್ಚಿನ ಗಂಟೆ ಗೋಪುರ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಅವಳಿ ಶಿಖರಗಳನ್ನು ಫ್ರೆಂಚರು ಹೀಗೇ ಕರೆದಾರು. ಊರಾಡಳಿತಕ್ಕೆ ಸೇರಿದ ಗಂಟೆ ಗೋಪುರವಾದರೆ ‘ಬೆಫ್ರುವಾ’. ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಇಂಥ 56 ಗೋಪುರಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಗೋಪುರದೊಳಗೆ ಗಂಟೆ ತೂಗುಹಾಕುವ ಮರದ ಚೌಕಟ್ಟಿಗೂ ಅದೇ ಹೆಸರು.

ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಕಡೆ ಕಾಣುವಂಥ ಗಣಿ ಗೋಪುರಕ್ಕೆ ಫ್ರೆಂಚ್ ಗಣಿ ಕೆಲಸಗಾರರ ಪದ ‘ಶೆವಾಲ್ಮಾಂ’. ತುದಿಯಲ್ಲಿ ದೊಡ್ಡ ಚಕ್ರ, ಅದರ ಮೇಲೆ ಹಾದು ಶಾಫ್ಟಿನೊಳಕ್ಕೆ ಇಳಿಯುವ ಉಕ್ಕಿನ ಹಗ್ಗ, ಹಗ್ಗದ ಕೊನೆಗೆ ಆಳು ಮತ್ತು ಅದಿರನ್ನು ಹೊತ್ತ ಪಂಜರ. ಗಣಿಯಲ್ಲೂ ಗಂಟೆಯುಂಟು, ಆದರೆ ಅದು ಪಂಜರವನ್ನು ಏರಿಸಲು, ಇಳಿಸಲು, ನಿಲ್ಲಿಸಲು ಯಂತ್ರ ನಡೆಸುವವನಿಗೆ ಕೊಡುವ ಸಂಕೇತ. ಅಷ್ಟಕ್ಕೇ ಗೋಪುರ ಕ್ಲೋಶೆ ಆಗದು.

ಒಂದು ನುಡಿಗಟ್ಟನ್ನೂ ಕಲಿತಿಟ್ಟುಕೊಳ್ಳಿ: ‘ಎಸ್ಪ್ರಿ ದ ಕ್ಲೋಶೆ’, ಅಂದರೆ ತಮ್ಮೂರೇ ಮೇಲೆಂಬ ಸಂಕುಚಿತ ಅಭಿಮಾನ. ಹೊಗಳಿಕೆಯೆಂದು ಯಾರಿಗೂ ಹೇಳಬೇಡಿ.