ಮಹಿಳಾ ಆಯೋಗ ನ್ಯಾಯಾಲಯವಲ್ಲ, ಆದರೂ ಅದರ ನೋಟಿಸ್‌ಗೆ ತೂಕವಿದೆ

ಬೆಂಗಳೂರು: ಚಾಮರಾಜಪೇಟೆಯ ವಠಾರವೊಂದರಲ್ಲಿ ಗಂಡನ ಮನೆಯವರು ಸೊಸೆಯನ್ನು ರಾತ್ರೋರಾತ್ರಿ ಹೊರಹಾಕಿದರೆನ್ನಿ. ಬೆಳಗಾಗುತ್ತಲೇ ನೆರೆಹೊರೆಯವರು ಆಕೆಗೆ ನೀಡುವ ಸಲಹೆ ಸಾಮಾನ್ಯವಾಗಿ ಒಂದೇ: ಮಹಿಳಾ ಆಯೋಗಕ್ಕೆ ಹೋಗಿ ದೂರು ಕೊಡಿ.

ಕೆಂಪೇಗೌಡ ರಸ್ತೆಯ ಕಾವೇರಿ ಭವನದಲ್ಲಿರುವ ಕರ್ನಾಟಕ ರಾಜ್ಯ ಮಹಿಳಾ ಆಯೋಗದ ಕಚೇರಿ ಚಾಮರಾಜಪೇಟೆಗಾಗಲಿ, ಬಸವನಗುಡಿ, ಮಲ್ಲೇಶ್ವರಗಳಿಗಾಗಲಿ ದೂರವೇನಲ್ಲ. ಆದರೆ ಆಯೋಗದಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದು ತಿಳಿಯದೆ ಹೋದರೆ ನೊಂದ ಮಹಿಳೆಯ ಅಮೂಲ್ಯ ದಿನಗಳು ವ್ಯರ್ಥವಾಗುತ್ತವೆ.

ಕಾಯ್ದೆಯ ಬಲ

ರಾಷ್ಟ್ರೀಯ ಮಹಿಳಾ ಆಯೋಗವು 1990ರ ಕಾಯ್ದೆಯಡಿ 1992ರ ಜನವರಿಯಲ್ಲಿ ರಚನೆಯಾಯಿತು. ಅದರ ಬೆನ್ನಿಗೇ ಕರ್ನಾಟಕವೂ 1995ರಲ್ಲಿ ಪ್ರತ್ಯೇಕ ಕಾಯ್ದೆಯನ್ನು ರೂಪಿಸಿತು. ಆಯೋಗದ ಅಧ್ಯಕ್ಷರು ಹಾಗೂ ಸದಸ್ಯರನ್ನು ರಾಜ್ಯ ಸರ್ಕಾರ ನೇಮಿಸುತ್ತದೆ.

ದೂರು ಬಂದಾಗ ವಿಚಾರಣೆ ನಡೆಸುವುದು, ದೂರಿಲ್ಲದಿದ್ದರೂ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಳ್ಳುವುದು, ಮಹಿಳೆಯರಿಗೆ ಸಂಬಂಧಿಸಿದ ಕಾನೂನುಗಳ ಲೋಪಗಳನ್ನು ಸರ್ಕಾರದ ಗಮನಕ್ಕೆ ತರುವುದು ಆಯೋಗದ ಹೊಣೆ. ವಿಚಾರಣೆಯ ವೇಳೆ ಸಂಬಂಧಪಟ್ಟವರಿಗೆ ಸಮನ್ಸ್ ನೀಡಿ ಕರೆಸುವ, ದಾಖಲೆಗಳನ್ನು ತರಿಸಿಕೊಳ್ಳುವ ವಿಷಯದಲ್ಲಿ ಅದಕ್ಕೆ ಸಿವಿಲ್ ನ್ಯಾಯಾಲಯದಂತಹ ಅಧಿಕಾರವಿದೆ. ದೂರು ಸ್ವೀಕರಿಸಲು ಸತಾಯಿಸುವ ಠಾಣೆಯಿಂದ ವರದಿ ಕೇಳುವುದೂ ಆಯೋಗದ ವ್ಯಾಪ್ತಿಯಲ್ಲಿದೆ.

ಅಧಿಕಾರದ ಮಿತಿ

ಆದರೆ ಆಯೋಗವು ಯಾರನ್ನೂ ಬಂಧಿಸಲಾರದು, ಶಿಕ್ಷೆ ವಿಧಿಸಲಾರದು, ಜೀವನಾಂಶ ಕೊಡಿಸುವ ಆದೇಶ ಹೊರಡಿಸಲಾರದು. ವಿಚಾರಣೆಯ ಕೊನೆಯಲ್ಲಿ ಅದು ನೀಡುವುದು ಶಿಫಾರಸು ಮಾತ್ರ. ಅದನ್ನು ಜಾರಿಗೊಳಿಸಬೇಕಾದವರು ಪೊಲೀಸರು, ಇಲಾಖೆಗಳು ಮತ್ತು ಸರ್ಕಾರ.

ಇದರ ಸ್ಪಷ್ಟ ನಿದರ್ಶನ 2024ರ ಹಾಸನ ಪ್ರಕರಣ. ಆ ವರ್ಷದ ಏಪ್ರಿಲ್‌ನಲ್ಲಿ ಆಯೋಗದ ಅಧ್ಯಕ್ಷೆ ಡಾ. ನಾಗಲಕ್ಷ್ಮಿ ಚೌಧರಿ ಅವರು ಮುಖ್ಯಮಂತ್ರಿಗೆ ಪತ್ರ ಬರೆದು ತನಿಖೆಗೆ ಒತ್ತಾಯಿಸಿದರು. ಕೆಲವೇ ದಿನಗಳಲ್ಲಿ ವಿಶೇಷ ತನಿಖಾ ತಂಡ ರಚನೆಯಾಯಿತು. ಪ್ರಕರಣಗಳ ಪೈಕಿ ಒಂದರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು 2025ರ ಆಗಸ್ಟ್ 2ರಂದು ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪತ್ರ ಬರೆದದ್ದು ಆಯೋಗ, ತನಿಖೆ ನಡೆಸಿದ್ದು ಪೊಲೀಸರು, ಶಿಕ್ಷೆ ವಿಧಿಸಿದ್ದು ನ್ಯಾಯಾಲಯ. ಆಯೋಗದ ಶಕ್ತಿ ಮತ್ತು ಮಿತಿ ಎರಡೂ ಇಲ್ಲಿ ಕಾಣುತ್ತವೆ.

ಯಾವ ಬಾಗಿಲು ತಟ್ಟಬೇಕು?

ಮನೆಯಿಂದ ಹೊರದಬ್ಬಲ್ಪಟ್ಟ ಮಹಿಳೆಗೆ ತಕ್ಷಣ ಬೇಕಾಗಿರುವುದು ತಲೆಯ ಮೇಲೊಂದು ಸೂರು. ಅದಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಈ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ವಾಸದ ಹಕ್ಕು, ರಕ್ಷಣೆ ಹಾಗೂ ಹಣಕಾಸು ನೆರವಿನ ಆದೇಶ ನೀಡಬಹುದು. ಮನೆ ಆಕೆಯ ಹೆಸರಿನಲ್ಲಿ ಇರಬೇಕೆಂದೇನೂ ಇಲ್ಲ. ಅರ್ಜಿ ತಲುಪಿದ ಮೂರು ದಿನಗಳೊಳಗೆ ಸಾಮಾನ್ಯವಾಗಿ ಮೊದಲ ವಿಚಾರಣೆ ನಿಗದಿಯಾಗಬೇಕು. ಅರ್ಜಿ ಸಲ್ಲಿಸಲು ಸಂರಕ್ಷಣಾಧಿಕಾರಿಗಳು ನೆರವಾಗುತ್ತಾರೆ. ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಹೊಣೆ ಹೊತ್ತಿದ್ದಾರೆ.

ಹೊಡೆತ, ವರದಕ್ಷಿಣೆ ಕಿರುಕುಳಗಳಾಗಿದ್ದರೆ ಪೊಲೀಸ್ ಠಾಣೆಗೆ ಹೋಗಬೇಕು. ಬಸವನಗುಡಿಯಲ್ಲಿ ಮಹಿಳಾ ಠಾಣೆಯೇ ಇದೆ. ಹಿಂದೆ 498ಎ ಎಂದು ಹೆಸರಾಗಿದ್ದ ಅಪರಾಧವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಸೆಕ್ಷನ್‌ನಡಿ ಬರುತ್ತದೆ. ತುರ್ತು ಸಂದರ್ಭದಲ್ಲಿ 112, ಮಹಿಳಾ ಸಹಾಯವಾಣಿಗೆ 181 ಸಂಖ್ಯೆಗಳಿವೆ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪ್ರತಿ ಮಹಿಳೆಯೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹಳು. ರಾಜ್ಯ ಪ್ರಾಧಿಕಾರದ ಕಚೇರಿ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ.

ಹಾಗಾದರೆ ಆಯೋಗಕ್ಕೆ ಹೋಗುವುದು ಯಾವಾಗ? ಠಾಣೆಯಲ್ಲಿ ದೂರು ದಾಖಲಾಗದಿದ್ದಾಗ, ಕಚೇರಿಯ ಆಡಳಿತವೇ ಕಿರುಕುಳದ ದೂರನ್ನು ಮುಚ್ಚಿಹಾಕಲು ಯತ್ನಿಸಿದಾಗ, ಅಧಿಕಾರಿಗಳು ಕಿವಿಗೊಡದಿದ್ದಾಗ. ಅಲ್ಲಿ ಆಯೋಗದ ಒಂದು ನೋಟಿಸ್ ಕಡತವನ್ನು ಚಲಿಸುವಂತೆ ಮಾಡಬಲ್ಲದು. ದೂರಿನಲ್ಲಿ ದಿನಾಂಕ, ಸ್ಥಳ, ನಡೆದ ಘಟನೆಗಳನ್ನು ಕ್ರಮವಾಗಿ ಬರೆದು, ಠಾಣೆಗೆ ಕೊಟ್ಟ ಅರ್ಜಿಯ ಪ್ರತಿ ಹಾಗೂ ಸ್ವೀಕೃತಿಯನ್ನು ಲಗತ್ತಿಸುವುದು ಒಳಿತು.

ಕಾವೇರಿ ಭವನದ ಮೆಟ್ಟಿಲು ಹತ್ತಿದ ಮಾತ್ರಕ್ಕೆ ಕೋರ್ಟಿನ ಬಾಗಿಲು ಮುಚ್ಚುವುದಿಲ್ಲ. ಎರಡನ್ನೂ ತಟ್ಟುವ ಹಕ್ಕು ಆಕೆಗಿದೆ. ಆದರೆ ಸೂರಿನ ಆದೇಶಕ್ಕಾಗಿ ಆಯೋಗದ ಪತ್ರವನ್ನು ಕಾಯುತ್ತ ಕೂರುವುದು ಸಲ್ಲದು.