ದುರ್ಗದ ಸೀಮೆಯ ಗರಡಿಮನೆ

ಚಿತ್ರದುರ್ಗದ ಕೋಟೆಯನ್ನು ನೋಡಬರುವವರಿಗೆ ಅರಮನೆಯ ನೆಲೆ, ಟಂಕಸಾಲೆ, ಕಣಜ, ಕೊಳ, ದೇವಾಲಯ ಇವುಗಳೊಡನೆ ಗರಡಿಮನೆಯೆಂದು ಹೆಸರಾದ ಸ್ಥಳವೊಂದನ್ನೂ ತೋರಿಸುವುದುಂಟು. ಅರಮನೆಯ ವಿಚಾರವಾಗಿ ಬಖೈರುಗಳು ಮಾತನಾಡುತ್ತವೆ. ದೇವಾಲಯಗಳಿಗೆ ದತ್ತಿಯ ಶಾಸನಗಳ ಸಾಕ್ಷ್ಯವಿದೆ. ಗರಡಿಗಾದರೋ ಇಂತಹ ಬಾಯಿಯಿಲ್ಲ. ಕಲಿಸುವವನು ಬಾಯಿಮಾತಿನಿಂದಲೂ ಕೈಯಿಂದಲೂ ಕಲಿಸಿದನು. ಕಲಿಯುವವನು ಮೈಯಲ್ಲಿ ಕಲಿತನು. ಬರೆದಿಡುವುದು ಗರಡಿಯ ಸಂಪ್ರದಾಯವಲ್ಲ.

ಊರಿನ ಹುಡುಗರು ಹೊಟ್ಟೆಪಾಡಿಗಾಗಿಯಲ್ಲದೆ ತಮ್ಮ ಸಂತೋಷಕ್ಕೂ ಕೇರಿಯ ಮಾನಕ್ಕೂ ಸೇರಿ ಕಟ್ಟಿಕೊಳ್ಳುವ ಆಟದ ಸಂಘಗಳ ಚರಿತ್ರೆ ಎಲ್ಲ ದೇಶಗಳಲ್ಲಿಯೂ ಸಂಶೋಧಕರಿಗೆ ತೊಡಕಿನ ವಿಷಯ. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಈ ತೊಡಕಿಗೆ ಒಂದು ಪರಿಹಾರವುಂಟು. ಗರಡಿಯು ತನ್ನ ಚರಿತ್ರೆಯನ್ನು ಕಡತದಲ್ಲಿ ಇಡದಿದ್ದರೂ ತನ್ನ ಮಾತುಗಳಲ್ಲಿ ಇಟ್ಟುಕೊಂಡಿದೆ. ಆ ಮಾತುಗಳನ್ನು ಪದರಪದರವಾಗಿ ಬಿಡಿಸಿದರೆ, ಪಾಳೆಯಗಾರನ ದಂಡಿಗೆ ಸೇರಿದ್ದ ಒಂದು ವಿದ್ಯೆಯು ಕೇರಿಯ ಜನರ ಸ್ವತ್ತಾದ ಬಗೆ ತಿಳಿದುಬರುತ್ತದೆ.

‘ಗರಡಿ’ಯ ಹಳೆಯ ರೂಪ ‘ಗರುಡಿ’. ಆಯುಧವಿದ್ಯೆಯನ್ನು ಕಲಿಸುವ ಶಾಲೆಯೆಂಬುದೇ ಅದರ ಮೊದಲ ಅರ್ಥ. ಗರುಡಿಯ ಆಚಾರ್ಯನೆಂದೊಡನೆ ಕನ್ನಡ ಭಾರತದ ಓದುಗರಿಗೆ ದ್ರೋಣನು ನೆನಪಿಗೆ ಬರುವನು. ತುಳುನಾಡಿನಲ್ಲಿ ಇದೇ ಮಾತು ‘ಗರೊಡಿ’ಯಾಗಿ ಕೋಟಿ ಚೆನ್ನಯರ ಆರಾಧನೆಯ ಗುಡಿಗೆ ಹೆಸರಾಗಿ ನಿಂತಿತು, ಅಲ್ಲಿ ಸಾಧನೆಯ ಮನೆ ದೈವದ ಮನೆಯಾಯಿತು. ಘಟ್ಟದ ಮೇಲಿನ ಸೀಮೆಯಲ್ಲಿ ಹಾಗಾಗದೆ, ಕತ್ತಿ ಗುರಾಣಿಗಳು ಕಾಲಕ್ರಮದಲ್ಲಿ ಹಿಂದೆ ಸರಿದು ಬರಿಗೈಯ ಹೋರಾಟವೊಂದೇ ಒಳಗೆ ಉಳಿಯಿತು. ಹನುಮಂತನ ಮೂರ್ತಿಯೋ ಪಟವೋ ಗೋಡೆಯ ಗೂಡಿನಲ್ಲಿರುವುದಾದರೂ ಜನ ಅಲ್ಲಿಗೆ ಹೋಗುವುದು ಪೂಜೆಗಲ್ಲ, ಸಾಮಿಗೆ.

ಈ ‘ಸಾಮು’ ಎಂಬ ಮಾತು ವಿಚಾರಾರ್ಹವಾದುದು. ಸಂಸ್ಕೃತದ ‘ಶ್ರಮ’ವೇ ಇದರ ಮೂಲವೆಂದು ಗ್ರಹಿಸಬಹುದು, ತೆಲುಗಿನಲ್ಲಿಯೂ ಇದೇ ಮಾತು ಇದೇ ಅರ್ಥದಲ್ಲಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (೧೧೨೬–೧೧೩೮) ರಚಿಸಿದ ‘ಮಾನಸೋಲ್ಲಾಸ’ದ ವಿನೋದಪ್ರಕರಣದಲ್ಲಿ ‘ಮಲ್ಲವಿನೋದ’ವೆಂಬ ಅಧ್ಯಾಯವುಂಟು. ಅದರಲ್ಲಿ ಮಲ್ಲರ ಅಭ್ಯಾಸಗಳನ್ನು ಶ್ರಮವೆಂಬ ಹೆಸರಿನಿಂದಲೇ ವಿಂಗಡಿಸಲಾಗಿದೆ. ಭಾರವನ್ನೆತ್ತುವುದು ಭಾರಶ್ರಮ, ನಸುಕಿನಲ್ಲಿ ದೂರ ನಡೆಯುವುದು ಭ್ರಮಣಶ್ರಮ, ನೀರಿನಲ್ಲಿ ಈಸುವುದು ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ಸೆಣಸುವುದು ಬಾಹುಪೆಲ್ಲಣಕ, ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ. ‘ಸಾಮು ತೆಗೆ’ ಎಂದು ಮೊಮ್ಮಗನನ್ನು ಗದರಿಸುವ ಮುದುಕನು ತನಗರಿಯದೆಯೇ ಚಾಲುಕ್ಯರ ಕಾಲದ ಒಂದು ಪಾರಿಭಾಷಿಕ ಪದವನ್ನು ಬಳಸುತ್ತಾನೆ. ಮಲ್ಲರ ದರ್ಜೆಗಳನ್ನು ಹೇಳುವಲ್ಲಿ ಸೋಮೇಶ್ವರನು ಬಳಸುವ ‘ಜ್ಯೇಷ್ಠಿಕ’ ಎಂಬುದಕ್ಕೂ ಕನ್ನಡದ ‘ಜಟ್ಟಿ’ಗೂ ಇರುವ ಸಂಬಂಧವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹೋರಾಟದ ಕಣಕ್ಕೆ ಬಳಕೆಯಲ್ಲಿರುವ ‘ಅಖಾಡ’ವೂ ‘ಅಕ್ಷವಾಟ’ವೆಂಬ ಹಳೆಯ ಮಾತಿನ ಸಂತಾನವೇ.

ಎರಡನೆಯ ಪದರ ಬೇರೆಯದು. ಕುಸ್ತಿ, ಪೈಲ್ವಾನ, ಉಸ್ತಾದ ಇವು ಪಾರಸಿಯಿಂದ ಬಂದವು. ತಾಲೀಮು ಅರಬ್ಬಿಯದು, ಶಿಕ್ಷಣವೆಂದು ಅದರ ಮೂಲಾರ್ಥ. ಹಿರಿಯೂರಿನ ನೆರೆಯ ಶಿರಾ ಪಟ್ಟಣವು ಮೊದಲು ಬಿಜಾಪುರದವರ ಕೈಯಲ್ಲಿದ್ದು, ೧೬೮೭ರಿಂದ ಮೊಗಲರ ಸುಬಾದ ಕೇಂದ್ರವಾಗಿತ್ತು. ಆ ದಂಡುಗಳೊಡನೆ ಕಾದುತ್ತಲೂ ಸಂಧಿಮಾಡಿಕೊಳ್ಳುತ್ತಲೂ ಬಾಳಿದ ಸೀಮೆಯಲ್ಲಿ ಈ ಮಾತುಗಳು ನೆಲೆಗೊಂಡುದು ಸಹಜ. ಗಮನಿಸತಕ್ಕ ಅಂಶವೆಂದರೆ, ಹೊಸ ಮಾತುಗಳು ಬಂದುದು ಹೋರಾಟದ ಹೆಸರಿಗೆ, ಹೋರಾಡುವವನಿಗೆ, ಕಲಿಸುವವನಿಗೆ. ಮನೆಯ ಹೆಸರು ಗರಡಿಯಾಗಿಯೇ ಉಳಿಯಿತು. ಪಟ್ಟು ಪಟ್ಟಾಗಿಯೇ ಉಳಿಯಿತು. ಸೆಡ್ಡು, ತೊಡೆತಟ್ಟು, ಸಾಮು ಕದಲಲಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಮನೆಗೂ ತಾಲೀಮಿನ ಹೆಸರೇ ಬಂದಿರುವುದನ್ನು ಇದಕ್ಕೆ ಹೋಲಿಸಿ ನೋಡಬಹುದು. ಕನ್ನಡಿಗರು ಆ ‘ತಾಲೀಮ’ನ್ನು ನಾಟಕದ ಅಭ್ಯಾಸಕ್ಕೂ ಹಚ್ಚಿದುದು ಸ್ವಾರಸ್ಯವಾದ ಸಂಗತಿ. ಊರಿನ ಹವ್ಯಾಸಿ ನಾಟಕದವರೂ ಗರಡಿಯ ಹುಡುಗರೂ ಬೇರೆಬೇರೆ ಮನೆಗಳಲ್ಲಿ ಮಾಡುವ ಕೆಲಸಕ್ಕೆ ಒಂದೇ ಹೆಸರು.

ಇನ್ನು ಚರಿತ್ರೆಯ ಕಡೆಗೆ ನೋಡಿದರೆ, ದುರ್ಗದ ನಾಯಕರು ವಿಜಯನಗರದ ಆಶ್ರಯದಲ್ಲಿ ತಲೆಯೆತ್ತಿದವರು. ಆ ರಾಜಧಾನಿಯಲ್ಲಿ ಅಂಗಸಾಧನೆಗಿದ್ದ ಸ್ಥಾನವನ್ನು ೧೫೨೦ರ ಸುಮಾರಿಗೆ ಅಲ್ಲಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. ಕೃಷ್ಣದೇವರಾಯನು ಬೆಳಗಾಗುವ ಮೊದಲೇ ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿ, ಮಣ್ಣಿನ ಭಾರಗಳನ್ನು ತೋಳಿನಿಂದೆತ್ತಿ, ಎಣ್ಣೆಯೆಲ್ಲ ಬೆವರಾಗಿ ಹರಿಯುವವರೆಗೆ ಕತ್ತಿ ಬೀಸಿ, ಬಳಿಕ ತನ್ನ ಮಲ್ಲರಲ್ಲಿ ಒಬ್ಬನೊಡನೆ ಹೋರಾಡಿ, ಅನಂತರ ಕುದುರೆಯೇರುತ್ತಿದ್ದನಂತೆ. ಮಹಾನವಮಿಯ ಉತ್ಸವದಲ್ಲಿ ಮಲ್ಲಯುದ್ಧ ನಡೆಯುತ್ತಿದ್ದುದನ್ನೂ ಅವನು ಹೇಳುತ್ತಾನೆ. ಅರಸನು ಮಾಡಿದುದನ್ನು ನಾಯಕರು ಅನುಸರಿಸುವುದು ಲೋಕರೂಢಿ. ಕೋಟೆಯೊಳಗೆ ಗರಡಿಗೆ ಎಡೆಯಾದುದು ಇದರಿಂದಲೇ ಎಂದು ಊಹಿಸಿದರೆ ತಪ್ಪಾಗಲಾರದು.

ಹೊಳಲ್ಕೆರೆ ಹಿರಿಯೂರುಗಳ ನಾಯಕತನವನ್ನೂ ಮುಂದೆ ಚಿತ್ರದುರ್ಗದ ನಾಯಕತನವನ್ನೂ ಪಡೆದ ಮತ್ತಿ ತಿಮ್ಮಣ್ಣನಾಯಕನ ವಿಚಾರವಾಗಿ ಒಂದು ಐತಿಹ್ಯವಿದೆ. ಶತ್ರುಪಾಳೆಯದಲ್ಲಿ ಕುದುರೆಯನ್ನು ಅಪಹರಿಸಲು ಹೋಗಿ ಹುಲ್ಲಿನಲ್ಲಿ ಅಡಗಿದ್ದಾಗ, ಕುದುರೆಯಾಳು ಅರಿಯದೆ ಅವನ ಅಂಗೈಯ ಮೇಲೆಯೇ ಗೂಟವನ್ನು ಹೊಡೆದನು, ನಾಯಕನು ಉಸಿರೆತ್ತಲಿಲ್ಲ. ಕಥೆಯ ನಿಜಾಂಶವೇನೇ ಇರಲಿ, ಆ ಸೀಮೆಯ ಜನ ಯಾವ ಗುಣವನ್ನು ಬೆಲೆಯುಳ್ಳದ್ದೆಂದು ಎಣಿಸಿದ್ದರು ಎಂಬುದಕ್ಕೆ ಅದು ಸಾಕ್ಷಿ. ೧೬೭೫ರಲ್ಲಿ ಚಿಕ್ಕಣ್ಣನಾಯಕನು ಕಟ್ಟಿಸಿದ ಹೊಸ ದುರ್ಗದಿಂದಲೇ ಹೊಸದುರ್ಗಕ್ಕೆ ಆ ಹೆಸರಾಯಿತು. ಒಂದೊಂದು ದುರ್ಗಕ್ಕೂ ಕಾವಲಿನ ಜನ ಬೇಕು. ಕಾವಲಿನ ಜನಕ್ಕೆ ಸಾಧನೆ ಬೇಕು. ಈ ಜಿಲ್ಲೆಯ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ೧೧ನೆಯ ಸಂಪುಟವಾಗಿ ೧೯೦೩ರಲ್ಲಿ ಅಚ್ಚಾದವು. ಸೀಮೆಯ ವೀರಗಲ್ಲುಗಳು ಸತ್ತವನ ಹೆಸರನ್ನೂ ಅವನು ಕಾದಿದ ಕಾರಣವನ್ನೂ ಹೇಳುವುದುಂಟು. ಅವನಿಗೆ ಕಾದಲು ಕಲಿಸಿದವನನ್ನು ಕಲ್ಲಿನಲ್ಲಿ ನಿಲ್ಲಿಸುವ ವಾಡಿಕೆಯಿಲ್ಲ.

೧೭೭೯ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು. ಕಡೆಯ ಮದಕರಿನಾಯಕನ ಪತನವನ್ನು ಎಂ. ಎಸ್. ಪುಟ್ಟಣ್ಣನವರು ಚರಿತ್ರೆಯಾಗಿಯೂ ತ. ರಾ. ಸುಬ್ಬರಾಯರು ಕಾದಂಬರಿಯಾಗಿಯೂ ಬರೆದಿರುವುದರಿಂದ ಅದನ್ನಿಲ್ಲಿ ವಿಸ್ತರಿಸುವುದು ಅನಾವಶ್ಯಕ. ಗರಡಿಯ ದೃಷ್ಟಿಯಿಂದ ಮುಖ್ಯವಾದುದು ಅನಂತರ ನಡೆದ ಸಂಗತಿ. ವಿಲ್ಕ್ಸ್ ಬರೆದಿರುವ ಪ್ರಕಾರ, ಹೈದರನು ಇಲ್ಲಿಂದ ೨೦,೦೦೦ದಷ್ಟು ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರಲ್ಲಿ ಎಳೆಯ ಹುಡುಗರನ್ನು ಆರಿಸಿ ಕವಾಯತು ಕಲಿಸಿ ‘ಚೇಲಾ’ ಪಡೆಗಳನ್ನು ಕಟ್ಟಿದನು. ಗರಡಿಯಲ್ಲಿ ಮಣ್ಣು ಮೆಟ್ಟಬೇಕಾದ ವಯಸ್ಸಿನವರನ್ನೇ ಒಯ್ದುಬಿಟ್ಟರೆಂದು ಇದರ ಅರ್ಥ. ನಾಯಕನ ಮನೆಯಿಂದ ಬರುತ್ತಿದ್ದ ಅನ್ನವೂ ನಿಂತಿತು, ಸಾಧಕರೂ ಇಲ್ಲವಾದರು. ಒಂದು ವಿದ್ಯೆ ಅಳಿಯಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ಆದರೂ ಅದು ಅಳಿಯಲಿಲ್ಲ. ಏಕೆಂಬುದನ್ನು ಮೈಸೂರಿನೊಡನೆ ಹೋಲಿಸಿದರೆ ತಿಳಿಯುವುದು. ಮೈಸೂರಿನಲ್ಲಿ ಜಟ್ಟಿಗಳು ಹುಟ್ಟಿನಿಂದ ಮಲ್ಲರು. ಅರಮನೆಯ ಆಶ್ರಯ ಅವರಿಗಿತ್ತು. ವಿಜಯದಶಮಿಯ ದಿನ ಬೆರಳುಗಳಿಗೆ ವಜ್ರಮುಷ್ಟಿಯನ್ನು ತೊಟ್ಟು, ಮೊದಲ ರಕ್ತಬಿಂದು ಕಂಡೊಡನೆ ನಿಲ್ಲಿಸುವ ಕಾಳಗ ಅವರ ಹಕ್ಕು. ಕೀಲುಮೂಳೆ ಕೂರಿಸುವ ವೈದ್ಯವೂ ಅವರಿಗೆ ವಂಶಪಾರಂಪರ್ಯವಾಗಿ ಬಂದುದು. ದುರ್ಗದಲ್ಲಿ ಆಶ್ರಯ ಕಡಿದುಹೋದುದರಿಂದ ವಿದ್ಯೆಯು ಯಾವುದಾದರೂ ಒಂದು ಮನೆತನದ ವೃತ್ತಿಯಾಗಿ ನಿಲ್ಲುವಂತಿರಲಿಲ್ಲ. ಹಗಲು ಹೊಲದಲ್ಲಿಯೋ ಮಗ್ಗದಲ್ಲಿಯೋ ದುಡಿದು, ನಸುಕಿನಲ್ಲಿ ಸಾಮು ಮಾಡುವವರಿಗೆ ಅದು ಸೇರಿತು. ಕೋಟೆಯ ಗರಡಿ ಅರಸನನ್ನು ಅವಲಂಬಿಸಿತ್ತು; ಕೇರಿಯ ಗರಡಿಗೆ ಬೇಕಾದುದು ಒಂದು ಕೋಣೆ, ಒಂದಿಷ್ಟು ಕೆಮ್ಮಣ್ಣು, ಎಣ್ಣೆ, ಬಿಡುವುಳ್ಳ ಒಬ್ಬ ಹಿರಿಯ.

ಆ ಕೋಣೆಯ ರಚನೆ ಕನ್ನಡನಾಡಿನಲ್ಲೆಲ್ಲ ಬಹುಮಟ್ಟಿಗೆ ಒಂದೇ ಬಗೆ. ಬಾಗಿಲು ತಗ್ಗು, ತಲೆಬಾಗಿಯೇ ಒಳಹೋಗಬೇಕು. ಬೆಳಕು ಕಡಮೆ, ಗಾಳಿಯ ಸುಳಿವು ಕಡಮೆ; ಬೆವರಿದ ಮೈಗೆ ಥಂಡಿ ತಗಲದಿರಲೆಂದು ಹೀಗೆ ಮಾಡಿದುದು. ನಡುವೆ ಹದಗೊಳಿಸಿದ ಕೆಮ್ಮಣ್ಣಿನ ಮಟ್ಟಿ. ಕಲ್ಲುಮುಳ್ಳುಗಳನ್ನು ಆರಿಸಿ, ಜರಡಿ ಹಿಡಿದು, ಎಣ್ಣೆ ಅರಿಸಿನಗಳನ್ನು ಬೆರಸಿ, ದಿನವೂ ಗುದ್ದಲಿಯಿಂದ ಕೆದಕಿ ಮೆದುಮಾಡುವುದು ಹೊಸದಾಗಿ ಸೇರಿದ ಹುಡುಗರ ಮೊದಲ ಪಾಠ. ಮಣ್ಣನ್ನು ಅಗೆಯುವುದೂ ಒಂದು ಸಾಮೆಂಬುದನ್ನು ಹುಡುಗನು ತಡವಾಗಿ ಅರಿಯುತ್ತಾನೆ. ಮೂಲೆಯಲ್ಲಿ ಗದೆ, ಎತ್ತುವ ಕಲ್ಲುಗುಂಡು. ದಂಡೆ, ಬಸ್ಕಿಗಳ ಲೆಕ್ಕ ಒಪ್ಪಿಸಿದ ಮೇಲೆಯೇ ಜೋಡಿ. ಸೇರುವುದಕ್ಕೆ ಚಂದಾ ಇಲ್ಲ, ಸದಸ್ಯರ ಪಟ್ಟಿಯಿಲ್ಲ. ಮಟ್ಟಿಗೆ ಕೈಮುಗಿದು ಹಣೆಗೆ ಮಣ್ಣಿಟ್ಟುಕೊಂಡವನು ಆ ಗರಡಿಯವನು.

ಗರಡಿಯ ಮಾನ ಹೊರಬೀಳುವುದು ಜಾತ್ರೆಯಲ್ಲಿ. ರಥೋತ್ಸವ ಮುಗಿದ ಮೇಲೆ ಬಯಲಿನಲ್ಲಿ ಮಣ್ಣು ಹದಮಾಡಿ, ಎಳೆಯರ ಜೋಡಿಗಳಿಂದ ಆರಂಭಿಸಿ, ಬೆಳ್ಳಿಯ ಕಡಗಕ್ಕೋ ಗದೆಗೋ ನಡೆಯುವ ದೊಡ್ಡ ಜೋಡಿಯಲ್ಲಿ ಮುಗಿಸುವುದು ಕ್ರಮ. ಜೋಡಿ ಕಟ್ಟುವ ಹಿರಿಯರ ವಿವೇಕದ ಮೇಲೆ ಎಲ್ಲವೂ ನಿಂತಿದೆ. ತೂಕ ನೋಡುವ ಯಂತ್ರವಿಲ್ಲದ ಕಾಲದಲ್ಲಿ ಅವರು ಕೈಹಿಡಿದು, ಹೆಗಲು ನೋಡಿ, ಸಮನೆಂದು ನಿರ್ಣಯಿಸಬೇಕಾಗಿತ್ತು. ತಪ್ಪಿದರೆ ಊರೂರಿಗೆ ಜಗಳ. ‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆ ಇಂದು ಹಾಸ್ಯವಾಗಿ ಬಳಕೆಯಾಗುತ್ತಿದ್ದರೂ ಅದು ಹುಟ್ಟಿದುದು ಇಂತಹ ತಕರಾರಿನಿಂದಲೇ ಇರಬೇಕು: ಬೆನ್ನು ನೆಲಕ್ಕೆ ತಾಗಿತೇ ಇಲ್ಲವೇ ಎಂಬುದೇ ಅಲ್ಲಿನ ಮೊದಲ ಪ್ರಶ್ನೆಯೂ ಕಡೆಯ ಪ್ರಶ್ನೆಯೂ. ಪಟ್ಟುಹಿಡಿ, ಸೆಡ್ಡುಹೊಡೆ, ಅಖಾಡಕ್ಕಿಳಿ, ಮಣ್ಣುಮುಕ್ಕಿಸು ಮುಂತಾದ ನುಡಿಗಟ್ಟುಗಳನ್ನು ಪಾಠಹೇಳುವಾಗ ಉಪಾಧ್ಯಾಯರು ಇವುಗಳ ಹುಟ್ಟೂರನ್ನು ತೋರಿಸಿದರೆ ಹುಡುಗರಿಗೆ ಅರ್ಥ ಬೇಗ ಹಿಡಿಯುವುದು. ಮತ್ತೊಂದು ಮಾತನ್ನೂ ಇಲ್ಲಿ ಹೇಳಬಹುದು. ಗರಡಿಯೊಳಕ್ಕೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ದುರ್ಗದ ಜನ ಇಂದಿಗೂ ಹೆಚ್ಚಾಗಿ ನೆನೆಯುವ ತೋಳ್ಬಲವಾದರೋ ಒನಕೆಯನ್ನು ಹಿಡಿದ ಓಬವ್ವನದು. ಪಟ್ಟಣದ ಕ್ರೀಡಾಂಗಣಕ್ಕೂ ಅವಳ ಹೆಸರೇ.

ಗರಡಿಯಂತಹ ಸಂಸ್ಥೆಯಿಂದ ಚೆಂಡಾಟದ ಸಂಘ ಹುಟ್ಟಿದ ಉದಾಹರಣೆ ಹೊರದೇಶಗಳಲ್ಲಿದೆ. ೧೮೬೨ರಲ್ಲಿ ಪ್ರಾಹಾ ನಗರದಲ್ಲಿ ಹುಟ್ಟಿದ ‘ಸೋಕೋಲ್’ ಎಂಬ ಅಂಗಸಾಧನೆಯ ಸಂಘ ಸ್ಲಾವ ಜನರಲ್ಲೆಲ್ಲ ಹಬ್ಬಿತು. ೧೮೯೪ರಲ್ಲಿ ಲ್ವಿವ್ ಪಟ್ಟಣದ ಉಕ್ರೇನಿಯನರು ತಮ್ಮದೇ ‘ಸೋಕಿಲ್’ ಕಟ್ಟಿದರು. ಅಲ್ಲಿಯ ಉಪಾಧ್ಯಾಯ ಇವಾನ್ ಬೋಬೆರ್ಸ್ಕಿ ೨೦ನೆಯ ಶತಮಾನದ ಆರಂಭದಲ್ಲಿ ಶಾಲೆಯ ಹುಡುಗರಿಗೆ ಕಾಲ್ಚೆಂಡನ್ನು ಕಲಿಸಿದನು. ಒದೆಯುವ ಚೆಂಡೆಂಬ ಅರ್ಥದ ನಾಡಮಾತನ್ನೇ ಅದಕ್ಕೆ ಬಳಸಿದನು. ಅಂಗಸಾಧನೆಯ ಮನೆಯಲ್ಲಿ ಮೈಪಳಗಿದವರಿಂದ ಸಣ್ಣ ಊರುಗಳ ಚೆಂಡಾಟದ ತಂಡಗಳು ಬೆಳೆದವು. ಕನ್ನಡನಾಡಿನಲ್ಲಿ ಈ ಎರಡು ಹೊಳೆಗಳು ಕೂಡಲಿಲ್ಲ. ಕಾಲ್ಚೆಂಡು ಬಂದುದು ಬೆಂಗಳೂರಿನ ದಂಡಿನ ಸೋಲ್ಜರರಿಂದ. ಅವರನ್ನು ನೋಡಿ ಕಲಿತ ಬೆಂಗಳೂರಿನ ಆಟಗಾರರಲ್ಲಿ ‘ಬೆಂಗಳೂರು ಮುಸ್ಲಿಮ್ಸ್’ ತಂಡದವರು ೧೯೩೭ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದರು. ೧೮೯೧ರಲ್ಲಿ ಆರಂಭವಾದ ಆ ಪಂದ್ಯವನ್ನು ಗೆದ್ದ ಮೊದಲ ಭಾರತೀಯ ತಂಡ ಅದು. ೧೯೪೮ರ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ಸಂಸ್ಥಾನದ ಆಟಗಾರ.

ಈ ಬಗೆಯ ಆಟಕ್ಕೆ ಸಂಘ ಅನಿವಾರ್ಯ. ಹನ್ನೊಂದು ಜನ ಬೇಕು, ಎದುರಿಗೆ ಮತ್ತೊಂದು ಊರಿನ ಹನ್ನೊಂದು ಜನ ಬೇಕು, ಇಬ್ಬರೂ ಒಪ್ಪಿದ ಲಿಖಿತ ನಿಯಮ ಬೇಕು, ಚೆಂಡಿಗೆ ಹಣ ಬೇಕು. ಹಣ ಬಂದಲ್ಲಿ ಲೆಕ್ಕ, ಲೆಕ್ಕವಿದ್ದಲ್ಲಿ ಪುಸ್ತಕ. ಆದುದರಿಂದ ಚೆಂಡಾಟದ ಸಂಘದ ಚರಿತ್ರೆ ಬರೆಯುವವನಿಗೆ ಕಾಗದ ಸಿಕ್ಕುವುದು. ಇಬ್ಬರಿಂದ ನಡೆಯುವ ಕುಸ್ತಿಗೆ ಇವಾವುವೂ ಬೇಕಿರಲಿಲ್ಲ. ೧೯೬೦ರ ಸಂಘಗಳ ನೋಂದಣಿ ಕಾಯಿದೆ ಬಂದ ಮೇಲೆ ಸರ್ಕಾರದ ನೆರವನ್ನು ಬಯಸುವ ಗರಡಿಯೂ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಗಳನ್ನು ಇಟ್ಟುಕೊಳ್ಳಬೇಕಾಯಿತು. ಗರಡಿಗೆ ಸಂಬಂಧಿಸಿದ ಮಾತುಗಳಲ್ಲಿ ಮೂರನೆಯ ಪದರ ಇಲ್ಲಿಂದ ಆರಂಭ: ಕಮಿಟಿ, ರೆಫರಿ, ಪಾಯಿಂಟು, ಮ್ಯಾಟು.

ಇವುಗಳಲ್ಲಿ ಮ್ಯಾಟು ಹೆಚ್ಚಿನ ಬದಲಾವಣೆಯನ್ನು ತಂದಿತು. ಸರ್ಕಾರಿ ಪಂದ್ಯಗಳೂ ಅಂತರರಾಷ್ಟ್ರೀಯ ಪಂದ್ಯಗಳೂ ಅದರ ಮೇಲೆಯೇ ನಡೆಯುವುದರಿಂದ ಮಣ್ಣಿನಲ್ಲಿ ಬೆಳೆದ ಹುಡುಗನು ಹೆಜ್ಜೆಯನ್ನು ಹೊಸದಾಗಿ ಕಲಿಯಬೇಕು. ಮಣ್ಣಿನಲ್ಲಿ ಕಾಲು ಹೂತು ನಿಲ್ಲುತ್ತದೆ, ಹಿಡಿದ ಪಟ್ಟನ್ನು ಬಹುಹೊತ್ತು ಬಿಡದೆ ಕಾಯಬಹುದು. ಮ್ಯಾಟಿನ ಮೇಲೆ ಕ್ಷಣಕ್ಷಣಕ್ಕೂ ಅಂಕ, ತಡೆದು ನಿಂತವನಿಗೆ ನಷ್ಟ. ಈ ಹೊಸದು ಬಂದ ಬಳಿಕವೇ ಹಳೆಯದಕ್ಕೆ ‘ಮಣ್ಣಿನ ಕುಸ್ತಿ’, ‘ನಾಡಕುಸ್ತಿ’ ಎಂಬ ಹೆಸರುಗಳು ಬೇಕಾದವು. ಅದಕ್ಕೆ ಮೊದಲು ಈ ವಿಶೇಷಣಗಳ ಆವಶ್ಯಕತೆಯೇ ಇರಲಿಲ್ಲ. ಕುಸ್ತಿಯೆಂದರೆ ಮಣ್ಣಿನಲ್ಲಿ ಆಡುವುದೇ ಆಗಿತ್ತು.