ಮನೆಯ ಸಂಕಟಕ್ಕೆ ಆಪ್ತಸಮಾಲೋಚನೆ

ಜ್ವರ ಬಂದರೆ ವೈದ್ಯರ ಬಳಿಗೆ ಹೋಗಲು ನಾವು ಹಿಂಜರಿಯುವುದಿಲ್ಲ. ಮನೆಯ ನೆಮ್ಮದಿ ಕೆಟ್ಟಾಗ ಮಾತ್ರ ‘ನಾಲ್ಕು ಜನ ಏನೆಂದಾರು’ ಎಂದು ಮುಚ್ಚಿಡುತ್ತೇವೆ. ಕುಟುಂಬದ ಹಿರಿಯನೊಬ್ಬ ಕುಡಿತಕ್ಕೆ ದಾಸನಾಗಿದ್ದಾನೆ, ಸಾಲ ಬೆಳೆದಿದೆ, ಪತ್ನಿ ಬೇಸತ್ತಿದ್ದಾಳೆ, ಮಗ ಶಾಲೆ ಬಿಡುವ ಹಂತದಲ್ಲಿದ್ದಾನೆ ಎಂದು ಭಾವಿಸೋಣ. ತರಬೇತಿ ಹೊಂದಿದ ಸಮಾಜಕಾರ್ಯಕರ್ತರು ಇಂಥ ಮನೆಗೆ ಹೇಗೆ ನೆರವಾಗುತ್ತಾರೆ?

ಮೊದಲನೆಯದು ಆಲಿಸುವಿಕೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ರೂಪಿಸಿದ ವ್ಯಕ್ತಿಕೇಂದ್ರಿತ ಪದ್ಧತಿಯಲ್ಲಿ ಎದುರಿಗಿರುವವರನ್ನು ದೂಷಿಸದೆ, ಅವರ ನೋವನ್ನು ಅವರ ದೃಷ್ಟಿಯಿಂದಲೇ ಅರಿಯಲಾಗುತ್ತದೆ.

ಎರಡನೆಯದು ಪ್ರೇರಣಾತ್ಮಕ ಸಂದರ್ಶನ. ವಿಲಿಯಂ ಮಿಲ್ಲರ್ ಅವರು 1983ರಲ್ಲಿ ಕುಡಿತದ ಸಮಸ್ಯೆಯುಳ್ಳವರಿಗಾಗಿಯೇ ಇದನ್ನು ವಿವರಿಸಿದರು. ‘ಬಿಡು’ ಎಂದು ಒತ್ತಾಯಿಸುವ ಬದಲು, ಬಿಡಬೇಕೆಂಬ ಕಾರಣಗಳು ಆತನ ಬಾಯಿಂದಲೇ ಹೊರಡುವಂತೆ ಪ್ರಶ್ನಿಸುವುದು ಇದರ ಕ್ರಮ.

ಮೂರನೆಯದು ಅರಿವು-ವರ್ತನಾ ಚಿಕಿತ್ಸೆ. 1960ರ ದಶಕದಲ್ಲಿ ಆರನ್ ಬೆಕ್ ತೋರಿದ ದಾರಿಯಿದು. ‘ನನ್ನಿಂದ ಏನೂ ಆಗದು’ ಎಂಬ ಯೋಚನೆಯನ್ನು ಗುರುತಿಸಿ, ಅದು ಎಷ್ಟು ನಿಜವೆಂದು ಪರೀಕ್ಷಿಸಿ, ನಡತೆಯನ್ನು ತಿದ್ದಿಕೊಳ್ಳಲು ಕಲಿಸುತ್ತದೆ.

ನಾಲ್ಕನೆಯದು ಕಾರ್ಯಕೇಂದ್ರಿತ ವಿಧಾನ. ವಿಲಿಯಂ ರೀಡ್ ಮತ್ತು ಲಾರಾ ಎಪ್‌ಸ್ಟೈನ್ 1972ರಲ್ಲಿ ಇದನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಸಾಲದ ಪಟ್ಟಿ ಮಾಡುವುದು, ಬ್ಯಾಂಕಿನವರನ್ನು ಕಾಣುವುದು, ಮಗನ ಶಿಕ್ಷಕರನ್ನು ಭೇಟಿಯಾಗುವುದು, ಹೀಗೆ ಸಣ್ಣ ಕೆಲಸಗಳನ್ನು ಗೊತ್ತುಪಡಿಸಿ ಕೆಲವೇ ವಾರಗಳಲ್ಲಿ ಮುಗಿಸಲಾಗುತ್ತದೆ.

ಐದನೆಯದು ಕುಟುಂಬ ಚಿಕಿತ್ಸೆ. ಸ್ವತಃ ಸಮಾಜಕಾರ್ಯಕರ್ತೆಯಾಗಿದ್ದ ವರ್ಜೀನಿಯಾ ಸಟೀರ್ ಇದರ ಪ್ರವರ್ತಕರಲ್ಲೊಬ್ಬರು. ತಪ್ಪನ್ನು ಒಬ್ಬರ ತಲೆಗೇ ಕಟ್ಟದೆ, ಮನೆಮಂದಿ ಪರಸ್ಪರ ಮಾತನಾಡುವ ರೀತಿಯನ್ನೇ ಸರಿಪಡಿಸಲು ಇಲ್ಲಿ ಯತ್ನಿಸಲಾಗುತ್ತದೆ.

ಅನುಭವಿಗಳು ಅಗತ್ಯವರಿತು ಇವುಗಳನ್ನು ಬೆರೆಸಿ ಬಳಸುತ್ತಾರೆ. ಆದರೆ ಒಂದು ಎಚ್ಚರ ಬೇಕು: ಬಹುಕಾಲ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಉಂಟಾಗಿ ಜೀವಕ್ಕೇ ಅಪಾಯವಾಗಬಹುದು. ಆಣೆ ಮಾಡಿಸುವ ಮೊದಲು ವೈದ್ಯರಿಗೆ ತೋರಿಸಬೇಕು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗವೇ ಇದೆ. ದೂರದ ಊರಿನವರು 14416 ಸಂಖ್ಯೆಗೆ ಕರೆಮಾಡಿ, 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯನ್ನು ಹಗಲಿರುಳೂ ಉಚಿತವಾಗಿ ಪಡೆಯಬಹುದು. ಕುಡಿಯುವವನು ಒಪ್ಪಲಿಲ್ಲವೆಂದು ಕಾಯಬೇಕಾಗಿಲ್ಲ. ಪತ್ನಿಯೋ ಮಕ್ಕಳೋ ಮೊದಲು ಹೋಗಿ ಮಾತನಾಡಿದರೂ ಚಿಕಿತ್ಸೆಯ ಬಾಗಿಲು ತೆರೆದಂತೆಯೇ ಸರಿ.